ಸಂದಿಯಲ್ಲಿ ಮರಳಿಲ್ಲ, ಇರುವೆಗೆ ಯಾಕೆ ಬೈಗುಳ?

ಸಂಪಾದಕರಿಗೆ ನಮಸ್ಕಾರ.

ವಿಷಯ ಸಣ್ಣದು, ಇರುವೆಯದ್ದು. ಆದರೆ ಪತ್ರ ಸ್ವಲ್ಪ ಉದ್ದ ಆಗುತ್ತದೆ, ಜಾಗ ಇದ್ದರೆ ಹಾಕಿ.

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿಗೆ ವಾಕಿಂಗ್ ಹೋಗಿದ್ದೆ. ಪಾರ್ಕಿನ ಸುತ್ತ ಇಂಟರ್‌ಲಾಕ್ ಕಲ್ಲು ಹಾಕಿದ ದಾರಿ ಇದೆ. ಅದರ ಮೇಲೆ ಒಬ್ಬ ಹುಡುಗ ಪ್ಲಾಸ್ಟಿಕ್ ಚೀಲದಿಂದ ಬಿಳಿ ಪುಡಿ ತೆಗೆದು ಸಂದಿ ಸಂದಿಗೂ ಉದುರಿಸಿಕೊಂಡು ಬರುತ್ತಿದ್ದ. ಕೈಗೆ ಗ್ಲೌಸ್ ಇಲ್ಲ, ಮೂಗಿಗೆ ಬಟ್ಟೆ ಇಲ್ಲ. ಏನಪ್ಪಾ ಇದು ಅಂತ ಕೇಳಿದೆ. "ಇರುವೆ ಪುಡಿ ಕಣಮ್ಮ, ವಾಕಿಂಗ್ ಬರೋರು ಕಂಪ್ಲೇಂಟ್ ಮಾಡವ್ರೆ" ಅಂದ. ಯಾವ ಪುಡಿ ಅಂತ ಅವನಿಗೂ ಗೊತ್ತಿಲ್ಲ, ಚೀಲದ ಮೇಲೂ ಹೆಸರಿಲ್ಲ. ಅದೇ ದಾರಿಯಲ್ಲಿ ವಯಸ್ಸಾದವರು ಬರಿಗಾಲಲ್ಲಿ ನಡೆಯುತ್ತಾರೆ, ಮಕ್ಕಳು ಕೂತು ಆಡುತ್ತಾರೆ, ಬೀದಿ ನಾಯಿಗಳು ಮಲಗಿರುತ್ತವೆ. ನಾಲ್ಕು ದಿನಕ್ಕೆ ಜೋರು ಮಳೆ ಬಂತು, ಪುಡಿ ಎಲ್ಲ ತೊಳೆದುಕೊಂಡು ಚರಂಡಿ ಸೇರಿತು. ಹತ್ತು ದಿನ ಆಗುವಷ್ಟರಲ್ಲಿ ಇರುವೆ ಗುಪ್ಪೆಗಳು ಮೊದಲಿದ್ದ ಕಡೆಯೇ ಎದ್ದಿದ್ದವು.

ಆ ಹುಡುಗನಿಗೆ ನಾನೇನೂ ಬೈಯಲಿಲ್ಲ. ಬೈಯೋಕೆ ಮುಖವೂ ಇರಲಿಲ್ಲ ಅನ್ನಿ, ಯಾಕೆಂದರೆ ನನ್ನ ಮನೆ ಮುಂದೆ ಎರಡು ವರ್ಷ ನಾನೂ ಇದೇ ಕೆಲಸ ಮಾಡಿದವಳು.

ನಮ್ಮ ಮನೆ ಮುಂದೆ ಗೇಟಿನಿಂದ ಬಾಗಿಲವರೆಗೆ ಸುಮಾರು ನಾನೂರು ಚದರಡಿ ಜಾಗ. ಮೊದಲು ಬರೀ ಮಣ್ಣಿತ್ತು, ಅತ್ತೆ ದಿನಾ ನೀರು ಹಾಕಿ ಗುಡಿಸಿ ರಂಗೋಲಿ ಬಿಡುತ್ತಿದ್ದರು. ಆರು ವರ್ಷದ ಹಿಂದೆ, ದಸರಾಕ್ಕೆ ನೆಂಟರು ಬರುತ್ತಾರೆ ಅನ್ನೋ ಅವಸರದಲ್ಲಿ ಇಂಟರ್‌ಲಾಕ್ ಹಾಕಿಸಿದೆವು. ಎರಡೇ ದಿನದಲ್ಲಿ ಕೆಲಸ ಮುಗಿಯಿತು. ಮೇಸ್ತ್ರಿ ಕೊನೆಗೆ ಒಂದೆರಡು ಬಾಂಡ್ಲಿ ಮರಳು ಮೇಲೆ ಚೆಲ್ಲಿ, ಪೊರಕೆಯಲ್ಲಿ ಆ ಕಡೆ ಈ ಕಡೆ ಆಡಿಸಿ, "ಮಳೆ ಬಂದ್ರೆ ತಾನೇ ಕೂತ್ಕೋತದೆ ಬಿಡ್ರಮ್ಮ" ಅಂದು ದುಡ್ಡು ಎಣಿಸಿಕೊಂಡು ಹೋದ. ನಮಗೂ ಗೊತ್ತಿರಲಿಲ್ಲ. ಕೆಂಪು, ಬೂದಿ ಬಣ್ಣದ ಕಲ್ಲು ನೋಡೋಕೆ ಚೆನ್ನಾಗಿತ್ತು, ಅಷ್ಟೇ ಸಾಕಾಗಿತ್ತು.

ಎರಡನೇ ಬೇಸಿಗೆಗೆ ಶುರುವಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಸಂದಿಗಳ ಉದ್ದಕ್ಕೂ ಸಣ್ಣ ಸಣ್ಣ ಮರಳಿನ ಗುಪ್ಪೆ, ಯಾರೋ ರವೆ ಡಬ್ಬ ಎಡವಿ ಚೆಲ್ಲಿದ ಹಾಗೆ. ಗುಡಿಸಿದರೆ ಮಾರನೇ ದಿನ ಮತ್ತೆ ಅಷ್ಟೇ. ಚುಕ್ಕಿ ಇಟ್ಟು ಎಳೆ ಎಳೆಯುವಷ್ಟರಲ್ಲಿ ಅರ್ಧ ಎಳೆ ಗುಪ್ಪೆ ಮೇಲೆ ಹತ್ತಿ ಇಳಿಯೋದು. ಗುಡಿಸಿದ ಮರಳನ್ನು ನಾನು ಹೂವಿನ ಕುಂಡಗಳಿಗೆ ಹಾಕುತ್ತಿದ್ದೆ, ಬಿಟ್ಟಿ ಮರಳು ಸಿಕ್ಕಿತಲ್ಲ ಅಂತ ಒಳಗೊಳಗೇ ಖುಷಿ ಬೇರೆ.

ಮಾಡದ ಔಷಧಿ ಇಲ್ಲ. ಅರಿಶಿನ ಹಾಕಿದೆ, ಬಿಸಿನೀರು ಹೊಯ್ದೆ, ಇರುವೆ ಚಾಕಿನಲ್ಲಿ ಗೆರೆ ಎಳೆದೆ. ಸೀಮೆಎಣ್ಣೆ ಹಾಕಿದ್ದಕ್ಕೆ ಕಲ್ಲಿನ ಮೇಲೆ ಕಲೆ ಉಳಿಯಿತು, ವಾಸನೆ ವಾರಗಟ್ಟಲೆ ಹೋಗಲಿಲ್ಲ. ಕುದಿಯೋ ನೀರು ಮೇಲೆ ಓಡಾಡುವ ಇರುವೆಗಳನ್ನು ಕೊಲ್ಲುತ್ತದೆ, ಸರಿ. ಆದರೆ ರಾಣಿ ಇರೋದು ಆಳದಲ್ಲಿ, ಅಲ್ಲಿಗೆ ಹೋಗುವಷ್ಟರಲ್ಲಿ ಆ ನೀರು ಸ್ನಾನದ ನೀರಿನಷ್ಟೂ ಬಿಸಿ ಇರುವುದಿಲ್ಲ. ರಾಣಿ ಒಬ್ಬಳು ಉಳಿದರೆ ಸಾಕು, ಮೊಟ್ಟೆ ಇಡುತ್ತಲೇ ಇರುತ್ತಾಳೆ. ಯುರೋಪಿನ ತೋಟಗಳಲ್ಲಿರುವ ಒಂದು ಕಪ್ಪು ಇರುವೆಯ ರಾಣಿ, ಸಾಕಿದವರ ಹತ್ತಿರ 28 ವರ್ಷಕ್ಕೂ ಜಾಸ್ತಿ ಬದುಕಿದ್ದು ದಾಖಲಾಗಿದೆಯಂತೆ. ಇಂಗ್ಲೆಂಡಿನಲ್ಲಿ ಮನೆ ಮುಂದಿನ ಕಲ್ಲುಹಾಸಿನ ಸಂದಿಯಲ್ಲಿ ಗುಪ್ಪೆ ಎಬ್ಬಿಸೋದೂ ಅದೇ ಜಾತಿ. ನಮ್ಮ ಕಡೆಯ ಇರುವೆ ಬೇರೆ, ಆದರೆ ಹಟ ಅದೇ.

ಆಮೇಲೆ ಅಂಗಡಿಗೆ ಹೋಗಿ "ಗಮಾಕ್ಸಿನ್ ಕೊಡಿ" ಅಂದೆ. ನಮ್ಮ ಕಾಲದವರಿಗೆ ಇರುವೆ ಪುಡಿ ಅಂದರೆ ಅದೊಂದೇ ಹೆಸರು ಬಾಯಿಗೆ ಬರೋದು ಅಲ್ವಾ. ಅಂಗಡಿಯವರು ಪೊಟ್ಟಣ ಕಟ್ಟಿ ಕೊಟ್ಟೂಬಿಟ್ಟರು. ತಿಳಿದಿರಲಿ ಅಂತ ಹೇಳುತ್ತೇನೆ, ಗಮಾಕ್ಸಿನ್ ಅಂತ ನಾವು ಕರೆಯುತ್ತಿದ್ದ ಬಿಎಚ್‌ಸಿ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧ ಮಾಡಿದ್ದಾರೆ. ಹಾಗಾದರೆ ನನ್ನ ಪೊಟ್ಟಣದಲ್ಲಿ ಇದ್ದದ್ದು ಏನು? ಲೇಬಲ್ ಇಲ್ಲದ ಪುಡಿಯನ್ನು ತಂದು ಮೊಮ್ಮಗ ಅಂಬೆಗಾಲಿಡುವ ಜಾಗದಲ್ಲಿ ಉದುರಿಸಿದೆನಲ್ಲ ಅಂತ ಈಗ ನೆನೆದರೆ ಮೈ ಜುಂ ಅನ್ನುತ್ತದೆ. ಅತ್ತೆ ಆಗಲೇ ಹೇಳಿದ್ದರು, "ರಂಗೋಲಿಗೆ ಅಕ್ಕಿ ಹಿಟ್ಟು ಹಾಕ್ತಿದ್ದಿದ್ದೇ ಇರುವೆ ತಿನ್ನಲಿ ಅಂತ ಕಣೇ, ನೀನು ವಿಷ ಹಾಕ್ತೀಯಲ್ಲ." ಅವರ ಮಾತಿಗೆ ನಾನು ಕಿವಿ ಕೊಡಲಿಲ್ಲ.

ಇಷ್ಟಾದರೂ ಇರುವೆ ಹೋಗಲಿಲ್ಲ. ಗೇಟಿನ ಹತ್ತಿರ ಕಾರಿನ ಚಕ್ರ ಓಡಾಡುವ ಕಡೆ ಕಲ್ಲು ಎರಡು ಬೆರಳು ಕೂತುಹೋಗಿ ಮಳೆ ನೀರು ನಿಲ್ಲತೊಡಗಿತು, ಸೊಳ್ಳೆ ಬಂತು. ನಮ್ಮ ಮನೆಯವರು "ಎಲ್ಲ ಕಿತ್ತು ಕಾಂಕ್ರೀಟ್ ಹಾಕ್ಸಿಬಿಡೋಣ" ಅನ್ನೋಕೆ ಶುರು ಮಾಡಿದರು.

ಅಷ್ಟರಲ್ಲಿ ಮಂಡ್ಯದಿಂದ ನನ್ನ ತಮ್ಮ ಬಂದ. ಸಿವಿಲ್ ಡಿಪ್ಲೊಮಾ ಮಾಡಿಕೊಂಡು ಸಣ್ಣಪುಟ್ಟ ಕಂಟ್ರಾಕ್ಟ್ ಕೆಲಸ ಮಾಡುತ್ತಾನೆ. ಕಾಫಿ ಕುಡಿಯುತ್ತಾ ಅಂಗಳ ನೋಡಿದವನು, ನನ್ನ ಕಡ್ಡಿ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತುಕೊಂಡು ಸಂದಿಯೊಳಗೆ ಇಳಿಬಿಟ್ಟ. ಕಡ್ಡಿ ಇಳೀತು, ಇಳೀತು, ಇನ್ನೂ ಇಳೀತು. ಉಗುರಲ್ಲಿ ಗುರುತು ಹಿಡಿದು ಹೊರಗೆ ತೆಗೆದು ಟೇಪಿನಲ್ಲಿ ಅಳೆದರೆ 40 ಮಿಲಿಮೀಟರ್. ಕಲ್ಲಿನ ದಪ್ಪವೇ 60 ಮಿಲಿಮೀಟರ್! ಇನ್ನೊಂದು ಹತ್ತು ಕಡೆ ಇಳಿಬಿಟ್ಟು ನೋಡಿದ, ಎಲ್ಲ ಕಡೆ ಹೆಚ್ಚುಕಮ್ಮಿ ಅದೇ ಕತೆ. ಸಂದಿ ತುಂಬ ಬರೀ ಗಾಳಿ.

"ಅಕ್ಕ, ದಿನಾ ಗುಡಿಸ್ತಿದ್ಯಲ್ಲ, ಆ ಮರಳು ಎಲ್ಲಿಂದ ಬರ್ತಿತ್ತು ಅಂದ್ಕೊಂಡೆ?"

ನಾನು ಹೂವಿನ ಕುಂಡಗಳ ಕಡೆ ನೋಡಿದೆ. ಎರಡು ವರ್ಷ ಮನೆ ಮುಂದಿನ ನೆಲವನ್ನು ಮೊರದಲ್ಲಿ ಹೊತ್ತು ಗುಲಾಬಿ ಗಿಡಕ್ಕೆ ಹಾಕಿದ್ದೆ.

ಅವನು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ಕಲ್ಲುಗಳ ಕೆಳಗೆ ಸಿಮೆಂಟ್ ಇರುವುದಿಲ್ಲ. ಗಟ್ಟಿ ಮಾಡಿದ ಜಲ್ಲಿ ಪಾಯ, ಅದರ ಮೇಲೆ ಒಂದು ಇಂಚಿನಿಂದ ಒಂದೂವರೆ ಇಂಚಿನಷ್ಟು ಮರಳಿನ ಹಾಸು, ಅದರ ಮೇಲೆ ಕಲ್ಲು. ಕಲ್ಲಿಗೂ ಕಲ್ಲಿಗೂ ನಡುವೆ 2ರಿಂದ 4 ಮಿಲಿಮೀಟರ್ ಸಂದಿ ಬಿಟ್ಟು, ಅದಕ್ಕೆ ಸಣ್ಣ ಒಣ ಮರಳನ್ನು ಬಾಯಿವರೆಗೆ ತುಂಬಬೇಕು. ಕಲ್ಲುಗಳು ಒಂದನ್ನೊಂದು ಹಿಡಿದುಕೊಳ್ಳೋದು ಆ ಮರಳಿನ ಬಿಗಿಯಿಂದ. ಕಾರಿನ ಭಾರ ಒಂದು ಕಲ್ಲಿನ ಮೇಲೆ ಬಿದ್ದರೆ ಸುತ್ತಲಿನ ಕಲ್ಲುಗಳಿಗೂ ಹಂಚಿಹೋಗೋದು ಅದರಿಂದಲೇ. ಕಲ್ಲಿನ ಆಕಾರ ಅಂಕುಡೊಂಕಾಗಿದ್ದರೆ ಲಾಕ್ ಆಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಮರಳಿಲ್ಲದಿದ್ದರೆ ಯಾವ ಆಕಾರವೂ ಕೆಲಸಕ್ಕೆ ಬರೋದಿಲ್ಲವಂತೆ. ಇದೇನು ಗುಟ್ಟಿನ ವಿದ್ಯೆ ಅಲ್ಲ. ಕಲ್ಲು ಎಷ್ಟು ಗಟ್ಟಿ ಇರಬೇಕು ಅನ್ನೋದಕ್ಕೆ ಐಎಸ್ 15658 ಅಂತ ಮಾನದಂಡ ಇದೆ, ಹಾಸುವ ಕ್ರಮಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 63 ಅನ್ನೋ ಮಾರ್ಗಸೂಚಿ ಇದೆ. ಬರೆದಿಟ್ಟಿದ್ದಾರೆ, ಓದುವವರು ಬೇಕು.

ಈಗ ಇರುವೆ ಕಡೆಯಿಂದ ಯೋಚನೆ ಮಾಡಿ. ಕಲ್ಲು ಬಿಸಿಲು ಹೀರಿಕೊಂಡು ರಾತ್ರಿವರೆಗೂ ಬೆಚ್ಚಗಿರುತ್ತದೆ. ಕೆಳಗೆ ಸಡಿಲ ಮರಳು, ತೋಡೋಕೆ ಸುಲಭ. ಮೇಲೆ ಕಾಂಕ್ರೀಟ್ ಸೂರು, ಕೋಳಿ ಬಂದು ಕೆದಕೋ ಹಾಗಿಲ್ಲ. ಒಳಗೆ ಹೋಗೋಕೆ ಸಾಲು ಸಾಲು ತೆರೆದ ಬಾಗಿಲು. ಮುಂಗಡ ಇಲ್ಲ, ಬಾಡಿಗೆ ಇಲ್ಲ. ಮೈಸೂರಿನಲ್ಲಿ ಇಂಥ ಮನೆ ಬೇರೆ ಯಾರಿಗೆ ಸಿಗುತ್ತೆ ಹೇಳಿ? ಒಳಗೆ ಸೇರಿದ ಮೇಲೆ ಗೂಡು ದೊಡ್ಡದು ಮಾಡೋಕೆ ಮರಳನ್ನು ಒಂದೊಂದೇ ಕಾಳು ಕಚ್ಚಿ ತಂದು ಹೊರಗೆ ಹಾಕುತ್ತವೆ. ನಾವು ಅದನ್ನು ಗುಡಿಸುತ್ತೇವೆ. ಮಳೆ ಒಂದಷ್ಟು ಕೊಚ್ಚಿಕೊಂಡು ಹೋಗುತ್ತದೆ. ಪೈಪು ಹಿಡಿದು ರಭಸವಾಗಿ ಅಂಗಳ ತೊಳೆದರೆ ಇನ್ನೊಂದಷ್ಟು ಹೋಯಿತು. ಹಾಗಂತ ಮೊದಲ ತಪ್ಪು ಇರುವೆಯದ್ದಲ್ಲ, ಅದು ಬರುವ ಮುಂಚೆಯೇ ಸಂದಿ ಅರ್ಧ ಖಾಲಿ ಇತ್ತಲ್ಲ.

ಎಲ್ಲ ಇರುವೆಯೂ ಈ ಕೆಲಸ ಮಾಡೋದಿಲ್ಲ. ಕಾಂಪೌಂಡ್ ಮೇಲೆ ಓಡಾಡುವ ದೊಡ್ಡ ಕಪ್ಪು ಕಟ್ಟಿರುವೆ, ಗೊದ್ದ ಅಂತೀವಲ್ಲ, ಅದು ಸಾಮಾನ್ಯವಾಗಿ ಮರದ ಬುಡದಲ್ಲಿ ಗೂಡು ಮಾಡುತ್ತದೆ. ನಮ್ಮ ಸಂದಿಯಲ್ಲಿದ್ದದ್ದು ಸಣ್ಣ ಕಂದು ಇರುವೆ, ನಡುನಡುವೆ ಮೈಗಿಂತ ತಲೆಯೇ ದೊಡ್ಡದಾದ ಕಾವಲು ಇರುವೆ. ತಮ್ಮ ಒಂದು ಕಲ್ಲು ಎಬ್ಬಿಸಿದಾಗ ಕೆಳಗೆ ಅಕ್ಕಿ ನುಚ್ಚಿನಂಥದ್ದು ರಾಶಿ ಇತ್ತು, ಇರುವೆಗಳು ಗಾಬರಿಯಿಂದ ಕಚ್ಚಿಕೊಂಡು ಓಡುತ್ತಿದ್ದವು. ಅದನ್ನು ನಾವೆಲ್ಲ ಇರುವೆ ಮೊಟ್ಟೆ ಅಂತೀವಿ. ನಿಜವಾದ ಮೊಟ್ಟೆ ಕಣ್ಣಿಗೆ ಕಾಣೋದೇ ಕಷ್ಟ ಅನ್ನುವಷ್ಟು ಚಿಕ್ಕದು, ಇವು ಮರಿಹುಳ ಮತ್ತು ಅದರ ಮುಂದಿನ ಹಂತದ ಕೋಶ.

ಫೆಬ್ರುವರಿಯಲ್ಲಿ, ಒಣ ಹವೆಯಲ್ಲಿ ರಿಪೇರಿಗೆ ಕೂತೆವು. ಮೊದಲು ಇರುವೆಯನ್ನು ಕಮ್ಮಿ ಮಾಡಬೇಕಿತ್ತು. ಇದಕ್ಕೆ ಬೋರಿಕ್ ಪುಡಿ, ಹಿಂದೆ ಕೇರಂ ಬೋರ್ಡಿಗೆ ಉದುರಿಸುತ್ತಿದ್ದೆವಲ್ಲ, ಅದು. ನೂರು ಮಿಲಿ ನೀರು, ಹತ್ತು ಗ್ರಾಂ ಸಕ್ಕರೆ, ಒಂದೇ ಒಂದು ಗ್ರಾಂ ಬೋರಿಕ್ ಪುಡಿ, ಅಷ್ಟೇ. ಹತ್ತಿ ಅದ್ದಿ, ಮುಚ್ಚಳಕ್ಕೆ ತೂತು ಮಾಡಿದ ಡಬ್ಬದಲ್ಲಿ ಇಡಬೇಕು. ಬೇಗ ಸಾಯಲಿ ಅಂತ ಪುಡಿ ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಇರುವೆಗಳು ತಿಂದದ್ದನ್ನು ಬಾಯಿಂದ ಬಾಯಿಗೆ ಹಂಚಿಕೊಳ್ಳುತ್ತವೆ, ರಾಣಿಗೂ ಹಾಗೆಯೇ ತಲುಪಬೇಕು. ಜಾಸ್ತಿ ಹಾಕಿದರೆ ತಿಂದದ್ದು ಗೂಡು ಸೇರುವ ಮೊದಲೇ ದಾರಿಯಲ್ಲಿ ಸಾಯುತ್ತದೆ. ಎರಡು ಮೂರು ವಾರ ತಾಳ್ಮೆ ಬೇಕು. ಒಂದು ಮಾತು, ಎಲ್ಲ ಇರುವೆಗೂ ಸಿಹಿ ಇಷ್ಟ ಇರುವುದಿಲ್ಲ. ಸಂಜೆ ಒಂದು ಕಡೆ ಬೆಲ್ಲ, ಒಂದು ಕಡೆ ಕೊಬ್ಬರಿ ಚೂರು ಇಟ್ಟು ನೋಡಿದರೆ ನಮ್ಮವು ಕೊಬ್ಬರಿಗೆ ಮುತ್ತಿದವು. ಹಾಗಾಗಿ ಅರೆದ ಕಡಲೆಕಾಯಿ ಬೀಜಕ್ಕೆ ಪುಡಿ ಬೆರೆಸಿ ಇನ್ನೊಂದು ಡಬ್ಬದಲ್ಲಿಟ್ಟೆವು. ತಮ್ಮನಿಗೆ ಇದೇ ತಮಾಷೆ, "ಸಕ್ಕರೆ ತಿನ್ನದ ಇರುವೆ ನಮ್ಮ ಮಂಡ್ಯದಲ್ಲಿ ಹುಡುಕಿದ್ರೂ ಸಿಗಲ್ಲ" ಅಂತ. ಬೋರಿಕ್ ಪುಡಿ ಹೊಟ್ಟೆಗೆ ಹೋದರೆ ಮಕ್ಕಳಿಗೂ ನಾಯಿಗೂ ಅಪಾಯವೇ, ಡಬ್ಬವನ್ನು ಕೈಗೆ ಸಿಗದ ಕಡೆ, ಕುಂಡದ ಹಿಂದೆ ಇಟ್ಟಿದ್ದೆ.

ಆಮೇಲೆ ಮಣ್ಣಿನ ಕೆಲಸ. ಕೂತುಹೋದ ಕಡೆ ಮೂವತ್ತು ನಲವತ್ತು ಕಲ್ಲು ಎಬ್ಬಿಸಿ, ಹಾಸಿನ ಮರಳು ಸಮ ಮಾಡಿ ಮತ್ತೆ ಕೂರಿಸಿದರು. ಉಳಿದ ಸಂದಿಗಳನ್ನು ಹಳೆ ಸ್ಕ್ರೂಡ್ರೈವರ್ ಹಿಡಿದು ಕೆರೆದು ಹುಲ್ಲು, ಪಾಚಿ ತೆಗೆದೆವು, ಇದರಲ್ಲಿ ನನ್ನ ಸೊಂಟ ಹೋಯಿತು. ಗೋಡೆಗೆ ಪ್ಲಾಸ್ಟರಿಂಗ್ ಮಾಡುವ ಪಿ-ಸ್ಯಾಂಡ್ ತರಿಸಿ ಜರಡಿ ಹಿಡಿದು, ತಾರಸಿ ಮೇಲೆ ಎರಡು ದಿನ ಒಣಗಿಸಿದೆವು. ಹಸಿ ಮರಳು ಸಂದಿಯ ಬಾಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಕೆಳಗೆ ಇಳಿಯೋದಿಲ್ಲ. ನೋಡೋಕೆ ತುಂಬಿದ ಹಾಗೆ ಕಾಣುತ್ತೆ, ಕೆಳಗೆ ಪೊಳ್ಳು. ನಮ್ಮ ಮೊದಲ ಮೇಸ್ತ್ರಿಯ ಎರಡು ಬಾಂಡ್ಲಿ ಮರಳಿಗೆ ಆದದ್ದೂ ಅದೇ ಇರಬೇಕು. ಒಣ ಮರಳು ಹರಡಿ, ಪೊರಕೆಯಲ್ಲಿ ಮೂಲೆ ಮೂಲೆಯಾಗಿ ತುಂಬಿ, ಬಾಡಿಗೆಗೆ ತಂದ ತಟ್ಟೆ ವೈಬ್ರೇಟರ್ ಓಡಿಸಿದರೆ ಮರಳು ಸರ್ರನೆ ಇಳಿಯಿತು. ಮತ್ತೆ ತುಂಬು, ಮತ್ತೆ ಓಡಿಸು. ಮೂರು ಸಲ ಆದ ಮೇಲೆ ಕಡ್ಡಿ ಇಳಿಬಿಟ್ಟರೆ ಬಗ್ಗಿತೇ ಹೊರತು ಇಳಿಯಲಿಲ್ಲ. ನಾಲ್ಕು ಮೂಟೆ ಮರಳು ಹಿಡಿಯಿತು, ನೀವೇ ಲೆಕ್ಕ ಹಾಕಿ ಎಷ್ಟು ಪೊಳ್ಳಿತ್ತು ಅಂತ.

ಗೇಟಿನ ಪಕ್ಕದಲ್ಲಿ ಅಂಚಿಗೆ ಕಾಂಕ್ರೀಟ್ ಕಟ್ಟೆಯೇ ಇರಲಿಲ್ಲ, ಕಲ್ಲುಗಳು ಹೊರಗೆ ಸರಿದು ಸಂದಿ ಅಗಲವಾಗಿದ್ದವು. ಅಲ್ಲಿ ಅಂಚು ಕಟ್ಟಿಸಿದೆವು. ಅದಿಲ್ಲದೆ ಎಷ್ಟು ಮರಳು ತುಂಬಿದರೂ ಸುಮ್ನೆ ದಂಡ.

ಪಕ್ಕದ ಬೀದಿಯ ಒಬ್ಬರು ಇದ್ಯಾವ ರಗಳೆ ಅಂತ ಸಂದಿಗೆಲ್ಲ ಸಿಮೆಂಟ್ ಹಾಲು ಹುಯ್ದರು. ಒಂದು ವರ್ಷ ಚೆನ್ನಾಗಿತ್ತು. ಕಲ್ಲುಗಳು ವಾಹನದ ಭಾರಕ್ಕೆ ಒಂದಿಷ್ಟು ಅಲುಗಾಡುತ್ತವೆ, ಸಿಮೆಂಟ್ ಅಲುಗಾಡೋದಿಲ್ಲ, ಅದಕ್ಕೇ ಬಿರುಕು ಬಿಟ್ಟಿತು. ಆ ಬಿರುಕೂ ಇರುವೆಗೆ ಬಾಗಿಲೇ. ಆಮೇಲೆ ನೀರಿನ ಪೈಪ್ ಒಡೆದಾಗ ಕಲ್ಲುಗಳನ್ನು ಬಿಡಿಸೋಕೆ ಆಗದೆ ಹಾರೆಯಲ್ಲಿ ಒಡೆದು ತೆಗೆದರು. ಎತ್ತಿ ಮತ್ತೆ ಕೂರಿಸಬಹುದು ಅನ್ನೋದೇ ಈ ಕಲ್ಲಿನ ದೊಡ್ಡ ಅನುಕೂಲ, ಅದನ್ನೇ ಕಳೆದುಕೊಂಡ ಹಾಗಾಯಿತು. ನೀರು ತಾಗಿದರೆ ಗಟ್ಟಿಯಾಗುವ ಪಾಲಿಮರ್ ಮರಳು ಅಂತ ಒಂದು ಬಂದಿದೆ. ಅದು ಇರುವೆಗೂ ಹುಲ್ಲಿಗೂ ಜಾಸ್ತಿ ತಡೆ ಕೊಡುತ್ತದೆ, ಆದರೆ ಬೆಲೆ ಜಾಸ್ತಿ. ಕಲ್ಲಿನ ಮೇಲೆ ಪುಡಿ ಉಳಿದು ನೀರು ಬಿದ್ದರೆ ಬಿಳಿ ಕಲೆ ಆಗುತ್ತದೆ. ನಮಗೆ ಬೇಕು ಅನ್ನಿಸಲಿಲ್ಲ.

ಇನ್ನು ಇರುವೆಯ ಊಟದ ವಿಷಯ ಒಂದಿದೆ. ನಮ್ಮ ದಾಸವಾಳದ ಗಿಡಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿತ್ತು. ಅದು ಸುರಿಸುವ ಸಿಹಿ ರಸಕ್ಕೆ ಇರುವೆಗಳು ಸಾಲುಗಟ್ಟಿ ಹೋಗುತ್ತಿದ್ದವು, ನಾವು ಹಸು ಸಾಕಿದ ಹಾಗೆ ಅವು ತಿಗಣೆಯನ್ನು ಕಾಯುತ್ತವೆ. ಪೈಪಿನ ನೀರನ್ನು ರಭಸವಾಗಿ ಗಿಡಕ್ಕೆ ಹೊಡೆದು ತಿಗಣೆ ಬೀಳಿಸಿದ ಮೇಲೆ ಆ ಸಾಲು ನಿಂತಿತು. (ಪೈಪು ಗಿಡಕ್ಕೆ, ಅಂಗಳದ ಸಂದಿಗಲ್ಲ.) ತೊಟ್ಟಿಕ್ಕುವ ನಲ್ಲಿ ಸರಿ ಮಾಡಿಸಿದೆವು. ಸಂಕ್ರಾಂತಿಯಲ್ಲಿ ಕಬ್ಬು ತಿಂದು ಸಿಪ್ಪೆ ಅಂಗಳದಲ್ಲೇ ಬಿಡೋದು ನಿಂತಿತು. ಅಕ್ಕಿ ಹಿಟ್ಟಿನ ರಂಗೋಲಿ ಮಾತ್ರ ನಿಲ್ಲಲಿಲ್ಲ, ಅತ್ತೆಯ ಜೊತೆ ರಾಜಿಯಾಗಿ ಈಗ ಅದು ತುಳಸಿ ಕಟ್ಟೆ ಹತ್ತಿರ ಮಾತ್ರ, ಗೇಟಿನ ಮುಂದೆ ಕಲ್ಲಿನ ಪುಡಿ. ಅವರ ವಾದದಲ್ಲೂ ಸತ್ಯ ಇದೆ. ಗೆದ್ದಲನ್ನು ಹಿಡಿದು ತಿನ್ನುವವರಲ್ಲಿ ಇರುವೆಯೇ ಮುಂದು, ತೋಟದ ಮಣ್ಣು ಸಡಿಲ ಮಾಡೋದೂ ಅದೇ. ಅಂಗಳದ ಮೂಲೆಯಲ್ಲಿ ಅದು ಇರಲಿ, ಕಾರಿನ ಚಕ್ರದ ಕೆಳಗೆ ಬೇಡ ಅಷ್ಟೇ.

ಈಗ ಪಾರ್ಕಿನ ವಿಷಯಕ್ಕೆ ಬರುತ್ತೇನೆ. ಪುಡಿ ಉದುರಿಸಿದ ಮೇಲೆ ಒಂದು ಬೆಳಿಗ್ಗೆ ನಾನೂ ಕಡ್ಡಿ ತೆಗೆದುಕೊಂಡು ಹೋದೆ. ವಾಕಿಂಗ್ ಬಂದವರು ಈಯಮ್ಮನಿಗೆ ಏನಾಯ್ತು ಅಂತ ನೋಡುತ್ತಿದ್ದರು, ನೋಡಲಿ. ಒಂದು ಸುತ್ತಿನಲ್ಲಿ ಇಪ್ಪತ್ತು ಕಡೆ ಇಳಿಬಿಟ್ಟೆ, ಹದಿನಾರು ಕಡೆ ಕಡ್ಡಿ ಒಂದು ಇಂಚಿಗಿಂತ ಕೆಳಗೆ ಹೋಯಿತು. ಎರಡು ಕಡೆ ಕಲ್ಲು ಕಾಲಲ್ಲಿ ಒತ್ತಿದರೆ ಕಟಕಟ ಅನ್ನುತ್ತದೆ. ಅದೇ ಜಾಗದಲ್ಲಿ ವಯಸ್ಸಾದವರೊಬ್ಬರು ಎಡವಿ ಬಿದ್ದು ಮೊಣಕೈಗೆ ಪಟ್ಟಿ ಹಾಕಿಸಿಕೊಂಡಿದ್ದಾರೆ. ಈ ದಾರಿಗೆ ವರ್ಷಕ್ಕೆ ನಾಲ್ಕು ಸಲ ಪುಡಿ ತರುವ ದುಡ್ಡಲ್ಲಿ ಒಂದು ಲೋಡ್ ಒಣ ಮರಳು ಬರುವುದಿಲ್ಲವೇ?

ಪಾರ್ಕು, ಫುಟ್‌ಪಾತು ನೋಡಿಕೊಳ್ಳುವವರಿಗೆ ನನ್ನ ಕೋರಿಕೆ ಇಷ್ಟು. ಹೊಸದಾಗಿ ಹಾಸುವಾಗ ಸಂದಿ ತುಂಬುವುದಕ್ಕೆ ಅಂತಲೇ ಒಂದು ದಿನ ಜಾಸ್ತಿ ಇಡಿ, ಬಿಲ್ಲು ಪಾಸ್ ಮಾಡುವ ಮುಂಚೆ ಕಡ್ಡಿ ಇಳಿಬಿಟ್ಟು ನೋಡಿ. ಮೊದಲ ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಮರಳು ಗುಡಿಸಿ ತುಂಬಿಸಿ, ಕೂತದ್ದೆಲ್ಲ ಆಗ ಗೊತ್ತಾಗುತ್ತದೆ. ದಯವಿಟ್ಟು ಹೆಸರಿಲ್ಲದ ಪುಡಿ, ಗೆದ್ದಲಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಸಂದಿಗೆ ಹುಯ್ಯಬೇಡಿ. ಅದು ಮೀನಿಗೂ ಜೇನಿಗೂ ಕಡು ವಿಷ. ಮಳೆ ನೀರು ಚರಂಡಿಯಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆ ಇರೋ ಊರಿನವರಿಗೆ ಬಿಡಿಸಿ ಹೇಳಬೇಕಾ? ಪುಡಿ ಉದುರಿಸುವ ಹುಡುಗನಿಗಾದರೂ ಗ್ಲೌಸ್ ಕೊಡಿ.

ಮನೆ ಮುಂದೆ ಇಂಟರ್‌ಲಾಕ್ ಹಾಕಿಸುವವರೂ ಅಷ್ಟೇ, ಮೇಸ್ತ್ರಿಗೆ ಕೊನೇ ಕಂತು ಕೊಡುವ ಮುಂಚೆ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಳ್ಳಿ.

ಈ ವರ್ಷ ನಮ್ಮ ಅಂಗಳದಲ್ಲಿ ಇರುವೆ ಪೂರ್ತಿ ಇಲ್ಲ ಅಂತ ನಾನು ಹೇಳೋದಿಲ್ಲ. ಮೊದಲ ಮಳೆ ಬಿದ್ದ ಮಾರನೇ ದಿನ ಗೇಟಿನ ಹತ್ತಿರ ಎರಡು ಗುಪ್ಪೆ ಎದ್ದಿದ್ದವು. ಹಳೆ ಪೇಂಟ್ ಡಬ್ಬದಲ್ಲಿ ಜರಡಿ ಹಿಡಿದ ಮರಳು ಇಟ್ಟಿದ್ದೇನೆ. ಬಿಸಿಲು ಬಂದು ಕಲ್ಲು ಒಣಗಿದ ಮೇಲೆ ಅದರಿಂದ ಎರಡು ಹಿಡಿ ತಂದು ಸಂದಿಗೆ ತುಂಬಿದೆ. ಗುಲಾಬಿ ಕುಂಡದ ಮರಳನ್ನೇ ವಾಪಸ್ ಹಾಕು ಅಂತ ತಮ್ಮ ಫೋನಿನಲ್ಲಿ ನಗುತ್ತಿದ್ದ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು
ಮೈಸೂರು